ಸಂಶಯ ಇದ್ದವರು ದೀಪ ಹಚ್ಚಿರಿ

ಅಕ್ಕೋರ ಬಲ ಮೊಣಕೈ ಮೇಲೆ ಯಾವಾಗಲೂ ಒಂದು ಬಿಳಿ ಚುಕ್ಕಿ ಇರುತ್ತಿತ್ತು. ಸೀಮೆಸುಣ್ಣದ ಗುರುತು. ಬೋರ್ಡಿನ ನಡುವೆ ಒಂದು ಬೊಟ್ಟು ಇಟ್ಟು, ಆ ಬೊಟ್ಟಿನ ಮೇಲೆ ಮೊಣಕೈ ಊರಿ, ಬೆರಳ ತುದಿಯಲ್ಲಿ ಸೀಮೆಸುಣ್ಣ ಹಿಡಿದು ತೋಳನ್ನೇ ಕೈವಾರ ಮಾಡಿ ತಿರುಗಿಸಿಬಿಡುತ್ತಿದ್ದರು. ಅರ್ಧ ವೃತ್ತ ಮೇಲಿನಿಂದ, ಇನ್ನರ್ಧ ಕೆಳಗಿನಿಂದ. ಎರಡು ತುದಿ ಕೂಡಿದ ಜಾಗದಲ್ಲಿ ಸಂದು ಹುಡುಕಿದರೂ ಸಿಗುತ್ತಿರಲಿಲ್ಲ. ಬೋರ್ಡಿನ ಕೆಲಸ ಮುಗಿಸಿ ಕೈ ತೊಳೆದುಕೊಳ್ಳುವವರು ಮೊಣಕೈಯನ್ನು ಮರೆಯುತ್ತಿದ್ದರು. ಹಾಗಾಗಿ ತರಕಾರಿ ಅಂಗಡಿಯಲ್ಲಿ ನಿಂತರೂ, ಮದುವೆ ಮನೆಯಲ್ಲಿ ಕೂತರೂ, ಇವರು ಗಣಿತದ ಟೀಚರು ಅಂತ ಆ ಚುಕ್ಕಿ ಹೇಳಿಬಿಡುತ್ತಿತ್ತು.

ನಾನು ಅವರ ವಿದ್ಯಾರ್ಥಿಯಲ್ಲ. ಮದ್ದೂರಿನ ಕಡೆಯಿಂದ ಓದು ಅರ್ಧಕ್ಕೆ ಬಿಟ್ಟು ಬೊಂಬಾಯಿಗೆ ಬಂದವನು. ಮೊದಲು ಕ್ಯಾಂಟೀನು, ಆಮೇಲೆ ಸಯನ್‌ನ ಒಂದು ಇಲೆಕ್ಟ್ರಿಕ್ ಅಂಗಡಿ, ಆಮೇಲೆ ಆಂಟಾಪ್ ಹಿಲ್ಲಿನಲ್ಲಿ ನನ್ನದೇ ಒಂದು ವಿಡಿಯೋ ಲೈಬ್ರರಿ. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಕಾಲೊನಿಯಲ್ಲಿ ಎಲ್ಲರಿಗೂ ಟಿವಿ ಬಂದಿತ್ತು, ಆದರೆ ಕ್ಯಾಸೆಟ್ ಹೊತ್ತು ತಿರುಗುವ ತಾಳ್ಮೆ ಹೋಗಿತ್ತು. ನಾನು ಒಂದು ಬಿಲ್ಡಿಂಗಿನ ಮೆಟ್ಟಿಲ ಕೆಳಗಿನ ಖೋಲಿ ಬಾಡಿಗೆಗೆ ಹಿಡಿದು, ಅಲ್ಲಿ ವಿಸಿಆರ್ ಇಟ್ಟು, ಟೆರೇಸಿನಿಂದ ಟೆರೇಸಿಗೆ ವೈರ್ ಎಳೆದೆ. ಒಂದು ಕ್ಯಾಸೆಟ್ ಹಾಕಿದರೆ ಇಡೀ ಕಾಲೊನಿಗೆ ಪಿಕ್ಚರು. ಜನ ನನ್ನನ್ನು ಕೇಬಲ್‌ವಾಲಾ ಅನ್ನತೊಡಗಿದರು. ಹೊಸ ಧಂದೆಗೆ ಹೆಸರು ಹುಟ್ಟುವ ಮೊದಲೇ ಅದಕ್ಕೆ ಕೈ ಹಾಕಿ ಅಂತ ನಾನು ಈಗಲೂ ಹುಡುಗರಿಗೆ ಹೇಳುತ್ತೇನೆ. ಹೆಸರು ಬಂದ ಮೇಲೆ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ.

ಅಕ್ಕೋರು ಎಂದರೆ ಧಾರವಾಡದ ಕಡೆ ಹೆಣ್ಣು ಟೀಚರನ್ನು ಕರೆಯುವ ಹೆಸರು. ನಮ್ಮ ಮೈಸೂರು ಸೀಮೆಯಲ್ಲಿ ಈ ಮಾತಿಲ್ಲ. ಆದರೆ ಕಾಲೊನಿಯ ಕನ್ನಡದ ಮಕ್ಕಳೆಲ್ಲ ಹಾಗೇ ಕರೆಯುತ್ತಿದ್ದರು, ನನಗೂ ರೂಢಿಯಾಯಿತು. ರೈಲು ಹಳಿಯಾಚೆ ಇದ್ದ ಹೈಸ್ಕೂಲಿನ ಕನ್ನಡ ಮಾಧ್ಯಮದ ಸೆಕ್ಷನ್ನಿನಲ್ಲಿ ಹತ್ತನೇ ಕ್ಲಾಸಿಗೆ ಗಣಿತ ಕಲಿಸುತ್ತಿದ್ದವರು ಅವರೊಬ್ಬರೇ. ಗಂಡ ತೀರಿಕೊಂಡು ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಕಾಲೊನಿಯ ಬಿಲ್ಡಿಂಗುಗಳ ನಡುವಿನ ಅಂಗಳದ ಉತ್ತರಕ್ಕಿದ್ದ ಬಿಲ್ಡಿಂಗಿನಲ್ಲಿ ಮೂರನೇ ಮಾಳಿಗೆಯಲ್ಲಿ ಒಬ್ಬರೇ ಇದ್ದರು. ಲಿಫ್ಟ್ ಇಲ್ಲದ ಬಿಲ್ಡಿಂಗು.

ಆ ವರ್ಷ ಮಳೆಗಾಲದಲ್ಲಿ ವಡಾಲಾ ಸ್ಟೇಷನ್ನಿನ ಸೇತುವೆಯ ಮೆಟ್ಟಿಲಲ್ಲಿ ಅಕ್ಕೋರು ಜಾರಿ ಬಿದ್ದರು. ಸೊಂಟದ ಹತ್ತಿರ ತೊಡೆಯ ಮೂಳೆ ಮುರಿಯಿತು. ಆಸ್ಪತ್ರೆಯಿಂದ ಮನೆಗೆ ತಂದು ಕುರ್ಚಿಯಲ್ಲಿ ಕೂರಿಸಿ ಮೇಲಕ್ಕೆ ಹೊತ್ತವರಲ್ಲಿ ನಾನೂ ಒಬ್ಬ. ಮೆಟ್ಟಿಲ ತಿರುವಿನಲ್ಲಿ ಕುರ್ಚಿ ಸಿಕ್ಕಿಕೊಂಡಿತು. ನಾವು ಒಬ್ಬರ ಮೇಲೊಬ್ಬರು ಕೂಗಾಡುತ್ತಿದ್ದರೆ ಅವರು ಶಾಂತವಾಗಿ, "ಅಡ್ಡ ಹಿಡದೀರಿ. ಮೂಲಿಂದ ಮೂಲಿಗೆ ಹಿಡೀರಿ, ಹೋಗತೈತಿ," ಎಂದರು. ಹಾಗೇ ಹಿಡಿದೆವು, ಹೋಯಿತು.

ಇನ್ನು ಆ ವರ್ಷವೆಲ್ಲ ಕೆಳಗೆ ಇಳಿಯುವಂತಿಲ್ಲ ಎಂದು ಡಾಕ್ಟರು ಹೇಳಿದ್ದರು. ಸ್ಕೂಲಿನಲ್ಲಿ ಕನ್ನಡದಲ್ಲಿ ಗಣಿತ ಹೇಳುವ ಬೇರೆ ಟೀಚರು ಸಿಗಲಿಲ್ಲ. ಮಕ್ಕಳು ಗಣಿತದ ಪೀರಿಯಡ್ಡಿನಲ್ಲಿ ಸುಮ್ಮನೆ ಕೂತು ಎದ್ದು ಬರುತ್ತಿದ್ದರು. ಮಾರ್ಚಿನಲ್ಲಿ ಬೋರ್ಡಿನ ಪರೀಕ್ಷೆ.

ದಸರೆ ಕಳೆದ ಮೇಲೆ ಒಂದು ದಿನ ಅಕ್ಕೋರು ನನಗೆ ಹೇಳಿಕಳಿಸಿದರು. ಹೋದೆ. ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಕಿಟಕಿಯಾಚೆ ನನ್ನದೇ ವೈರು ಗೋಡೆ ಹಿಡಿದು ಇಳಿದಿತ್ತು.

"ಬಾರಪಾ ವೈರಪ್ಪ, ಕೂಡು," ಎಂದರು. ಅಂದಿನಿಂದ ಕೊನೆಯವರೆಗೂ ನಾನು ಅವರಿಗೆ ವೈರಪ್ಪನೇ. "ಈ ವೈರು ನಿನ್ನ ಖೋಲಿಯಿಂದ ನನ್ನ ಮನೀಗೆ ಪಿಕ್ಚರ್ ತರತೈತಿ ಹೌದಲ್ಲೋ? ಇಲ್ಲಿಂದ ಅಲ್ಲಿಗೆ ಒಯ್ಯತೈತೇನ?"

"ಏನನ್ನ ಅಕ್ಕೋರೆ?"

"ನನ್ನ."

ನಾನು ನಕ್ಕೆ. ಅವರು ನಗಲಿಲ್ಲ. ಮದುವೆಗೆ ಶೂಟಿಂಗ್ ಮಾಡುವ ಕ್ಯಾಮೆರಾ ನನ್ನ ಹತ್ತಿರ ಇದ್ದದ್ದು ಅವರಿಗೆ ಗೊತ್ತಿತ್ತು. ಅದನ್ನು ಇಲ್ಲಿ ಇಟ್ಟರೆ, ಇಲ್ಲಿನ ಚಿತ್ರ ನನ್ನ ಖೋಲಿಗೆ ಹೋದರೆ, ಅಲ್ಲಿಂದ ಮನೆಮನೆಗೆ ಹೋಗುವುದಿಲ್ಲವೇ ಎಂಬುದು ಅವರ ಲೆಕ್ಕ. ಹೋಗುತ್ತದೆ. ಬೇರೆ ಒಂದು ವೈರ್ ಎಳೆಯಬೇಕು, ಅಷ್ಟೇ. ಆದರೆ ಹೌದು ಎಂದು ಮೊದಲೇ ಹೇಳಿದವನು ವ್ಯಾಪಾರಿಯಲ್ಲ.

"ಆಗಲ್ಲ ಅಕ್ಕೋರೆ, ಬಾಳ ಕಷ್ಟ," ಎಂದೆ.

"ಕಷ್ಟ ಅಂದ್ರ ಆಗತೈತಿ ಅಂತಾಯ್ತು. ನಿನಗೇನು ಬೇಕು ಹೇಳು."

ನನಗೆ ಬೇಕಾದ್ದು ಅವರಿಗೆ ಆಗಲೇ ತಿಳಿದಿತ್ತು. ಆಗ ಕೊಡೆ ಮಗುಚಿಟ್ಟಂಥ ದೊಡ್ಡ ತಟ್ಟೆ ಆಂಟೆನಾಗಳು ಬರುತ್ತಿದ್ದವು, ಆಕಾಶದಿಂದಲೇ ಚಾನೆಲ್ ಹಿಡಿಯುವಂಥವು. ನಾನು ಅದನ್ನು ನಿಲ್ಲಿಸಲು ಎತ್ತರದ ಟೆರೇಸು ಹುಡುಕುತ್ತಿದ್ದೆ. ಎತ್ತರದ್ದು ಇವರ ಬಿಲ್ಡಿಂಗೇ. ಇವರ ಸೊಸಾಯಿಟಿಯವರು ನನ್ನನ್ನು ಬಾಗಿಲಿನಿಂದಲೇ ವಾಪಸ್ ಕಳಿಸಿದ್ದರು. ಕಮಿಟಿಯಲ್ಲಿ ಅಕ್ಕೋರ ಮಾತನ್ನು ಯಾರೂ ತೆಗೆದುಹಾಕುತ್ತಿರಲಿಲ್ಲ, ಸೆಕ್ರೆಟರಿಯ ಮಕ್ಕಳಿಗೂ ಅವರೇ ಲೆಕ್ಕ ಹೇಳಿಕೊಟ್ಟಿದ್ದರು.

"ತಟ್ಟಿ ಇಡಸ್ತೀನಿ," ಎಂದರು. "ನನಗ ದಿನಾ ಸಂಜೀಮುಂದ ಒಂದು ತಾಸು ಬೇಕು."

"ಸಂಜೆ ಪಿಕ್ಚರ್ ಟೈಮು. ಮಧ್ಯಾಹ್ನ ತಗೊಳ್ಳಿ, ಎರಡು ತಾಸು ಕೊಡ್ತೀನಿ."

"ಮಧ್ಯಾಹ್ನ ಹುಡುಗ್ರು ಸಾಲ್ಯಾಗ ಇರತಾವ. ಸಂಜೀ."

"ಅರ್ಧ ತಾಸು."

"ತಟ್ಟಿನೂ ಅರ್ಧ ಇಡತೀಯೇನ?"

ನಾನು ಕೊನೆಯ ಪಟ್ಟು ಹಾಕಿದೆ. ಪಾಠವನ್ನು ಒಮ್ಮೆ ಕ್ಯಾಸೆಟ್ಟಿನಲ್ಲಿ ತುಂಬಿಸಿಬಿಡೋಣ, ಬಿಡುವಾದಾಗ ಹಾಕುತ್ತೇನೆ, ನಿಮಗೂ ದಣಿವಿಲ್ಲ ಎಂದೆ. ಅವರ ಮುಖ ಗಟ್ಟಿಯಾಯಿತು.

"ಕ್ಯಾಸೆಟ್ಟಿಗೆ ಹುಡುಗ್ರ ಮಾರಿ ಕಾಣತೈತೇನ? ತಿಳೀಲಿಲ್ಲ ಅಂದ್ರ ಅದು ನಿಲ್ಲತೈತೇನ?"

ಬಿಡಿ, ಅಂದು ನಾನು ಸೋತೆ. ಆದರೆ ಅವರು ಅಲ್ಲಿಗೆ ಬಿಡಲಿಲ್ಲ. ಹೊರಡುವಾಗ ಕಿಟಕಿಯಾಚೆ ಕೈ ತೋರಿಸಿ, "ಗ್ವಾಡಿ ಹಿಡಕೊಂಡು ಯಾಕ ವೈರ್ ತಂದಿ? ಆ ಮೂಲಿಂದ ಈ ಮೂಲಿಗೆ ಕರ್ಣ ಎಳದಿದ್ರ ಎಷ್ಟು ಉಳೀತಿತ್ತು," ಎಂದರು. ಅವರ ಮನೆಯಿಂದ ನನ್ನ ಖೋಲಿಗೆ ಎಳೆದ ಹೊಸ ವೈರು ಕರ್ಣದ ಮೇಲೇ ಹೋಯಿತು.

ಬೋರ್ಡನ್ನು ಅವರು ಕೂತಲ್ಲಿಗೇ ಮೊಣಕೈ ಎಟುಕುವಷ್ಟು ಕೆಳಗೆ ಹೊಡೆದುಕೊಟ್ಟೆ. ಎದುರಿಗೆ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ, ಸೆರಗಿಗೆ ಸಿಕ್ಕಿಸಿಕೊಳ್ಳುವ ಒಂದು ಮೈಕು. ಮೊದಲ ದಿನ ಎಲ್ಲ ಜೋಡಿಸಿ ನನ್ನ ಖೋಲಿಗೆ ಓಡಿ ಹೋಗಿ ನೋಡಿದರೆ, ಅಕ್ಕೋರು ಪರದೆಯಲ್ಲಿ ಸುಮ್ಮನೆ ಕೂತಿದ್ದಾರೆ. ಸೀಮೆಸುಣ್ಣ ಕೈಯಲ್ಲಿದೆ, ಮಾತಿಲ್ಲ. ಏನೋ ಕೆಟ್ಟಿತು ಎಂದು ಮತ್ತೆ ಮೂರು ಮಾಳಿಗೆ ಹತ್ತಿದೆ.

"ಯಾರಿಗೆ ಹೇಳಲಿ?" ಎಂದರು. ದನಿ ಸಣ್ಣದಾಗಿತ್ತು. "ಅವರಿಗೆ ನಾ ಕಾಣತೀನಿ, ನನಗ ಅವರು ಕಾಣಂಗಿಲ್ಲ. ಇದೆಂಥಾ ವ್ಯಾಪಾರಪಾ?"

ಮಕ್ಕಳ ಮನೆಮನೆಗೂ ಕ್ಯಾಮೆರಾ ಇಡಲು ನಾನೇನು ಸರಕಾರವೇ? ಆಗಲೇ ಹೊರಗೆ ಕತ್ತಲಾಗುತ್ತಿತ್ತು. ಅಂಗಳದ ಸುತ್ತ ಬಾಲ್ಕನಿಗಳಲ್ಲಿ ಅಲ್ಲೊಂದು ಇಲ್ಲೊಂದು ದೀಪ ಹತ್ತುತ್ತಿದ್ದವು. ಅಕ್ಕೋರು ಸ್ವಲ್ಪ ಹೊತ್ತು ಅದನ್ನೇ ನೋಡಿದರು. ಆಮೇಲೆ ಕ್ಯಾಮೆರಾ ಕಡೆ ತಿರುಗಿ, ಕ್ಲಾಸಿನಲ್ಲಿ ಮಾತಾಡುವ ದನಿಯಲ್ಲಿ ಹೇಳಿದರು:

"ಎಲ್ಲಾರೂ ಬಾಲ್ಕನಿ ದೀಪ ಆರಿಸಿರಿ. ನಾ ಹೇಳೂದು ತಿಳದ್ರ ಕತ್ತಲಿ ಇರಲಿ. ಸಂಶಯ ಇದ್ದವರು ದೀಪ ಹಚ್ಚಿರಿ. ಸಂಶಯ ಹೋಗೂತನಕ ಆರಿಸಬ್ಯಾಡ್ರಿ."

ಒಂದೊಂದಾಗಿ ದೀಪಗಳು ಆರಿದವು. ಅಂಗಳದ ಸುತ್ತ ಕತ್ತಲು. ಅಕ್ಕೋರು ಮೊಣಕೈ ಊರಿ ವೃತ್ತ ಎಳೆದರು.

ಅವತ್ತಿನಿಂದ ಸಂಜೆ ಆರೂವರೆಗೆ ಕಾಲೊನಿಗೆಲ್ಲ ಗಣಿತ. ನನ್ನ ಹತ್ತಿರ ಇದ್ದದ್ದು ಒಂದೇ ಚಾನೆಲ್, ಹಾಗಾಗಿ ವೈರ್ ಇದ್ದ ಪ್ರತಿ ಮನೆಯಲ್ಲೂ ಅಕ್ಕೋರೇ ಬರುತ್ತಿದ್ದರು. ಕನ್ನಡ ಗೊತ್ತಿಲ್ಲದವರ ಮನೆಯಲ್ಲೂ. ಮೊದಲ ವಾರ ನನ್ನ ಖೋಲಿಗೆ ಜನ ಬಂದು ಜಗಳವಾಡಿದರು. ಎದುರು ಬಿಲ್ಡಿಂಗಿನ ಸರ್ದಾರ್ಜಿಯೊಬ್ಬರು ದಿನಾ ಬಂದು, "ಭಾಯ್, ಪಿಕ್ಚರ್ ಕಬ್ ಲಗೇಗಾ?" ಎಂದು ಪಿಕ್ಚರಿನ ಹೊತ್ತು ಕೇಳುತ್ತಿದ್ದರು. ಮೂರನೇ ವಾರದಲ್ಲಿ ಅವರೇ, "ಮೇಡಮ್ ಕಾ ಗೋಲಾ ಏಕ್‌ದಮ್ ಫಸ್ಟ್ ಕ್ಲಾಸ್ ಹೈ," ಎಂದು ಅಕ್ಕೋರ ವೃತ್ತಕ್ಕೆ ತಲೆದೂಗಿದರು. ಹೆಂಗಸರು ಅಕ್ಕಿ ಆರಿಸುತ್ತಾ ತ್ರಿಕೋನ ನೋಡಿದರು. ನಾನೂ ಕ್ಯಾಸೆಟ್ ಹಾಕುವುದಕ್ಕೆ ಕಾಯುತ್ತ ಕಾಯುತ್ತ, ಓದು ಬಿಟ್ಟಾಗ ಎಲ್ಲಿ ನಿಂತಿದ್ದೆನೋ ಅಲ್ಲಿಂದ ಮುಂದಕ್ಕೆ ಒಂದಿಷ್ಟು ಹೋದೆ.

ಹತ್ತನೇ ಕ್ಲಾಸಿನಲ್ಲಿ ರೇಣುಕಾ ಎಂಬ ಹುಡುಗಿ ಇದ್ದಳು. ಅಪ್ಪ ಕಲಬುರಗಿ ಕಡೆಯವ, ಗೋಡೆ ಕಟ್ಟುವ ಗೌಂಡಿ, ಕಾಲೊನಿ ಗೋಡೆಗೆ ಅಂಟಿದ ಝೋಪಡಿಯಲ್ಲಿ ಮನೆ. ಟಿವಿ ಇಲ್ಲ. ಅಂಗಳದ ಪೂರ್ವಕ್ಕಿದ್ದ ಬಿಲ್ಡಿಂಗಿನ ಕೆಳ ಮಾಳಿಗೆಯ ತಮಿಳು ಮಾಮಿಯೊಬ್ಬರು ಅವಳನ್ನು ತಮ್ಮ ಮನೆಯಲ್ಲಿ ಕೂರಿಸಿಕೊಳ್ಳುತ್ತಿದ್ದರು. ಮಾಮಿಯ ಬಾಲ್ಕನಿಯ ಸ್ವಿಚ್ಚು ಆ ಒಂದು ತಾಸು ರೇಣುಕಾಳದ್ದು. ಉಳಿದ ದೀಪಗಳು ಹತ್ತಿ ಆರುತ್ತಿದ್ದವು. ಮಾಮಿಯ ದೀಪ ಹತ್ತಿದರೆ ಹತ್ತಿಯೇ ಇರುತ್ತಿತ್ತು.

ಒಂದು ಸಂಜೆ ಒಂದೇ ಪ್ರಮೇಯವನ್ನು ಅಕ್ಕೋರು ಮತ್ತೆ ಮತ್ತೆ ಹೇಳಿದರು. ಎಲ್ಲ ದೀಪ ಆರಿದವು, ಮಾಮಿಯದು ಆರಲಿಲ್ಲ. ಹೊತ್ತು ಏಳೂವರೆ ದಾಟಿತು. ಯಾವುದೋ ಬಾಲ್ಕನಿಯಿಂದ ಒಬ್ಬ ಕೂಗಿದ: "ಅರೇ ಬತ್ತೀ ಬುಝಾ ದೇ ಬೇಟಾ, ಪಿಕ್ಚರ್ ದೇಖ್‌ನೇ ದೇ." ದೀಪ ಆರಿಸಿ ಪಿಕ್ಚರ್ ನೋಡಲು ಬಿಡು ಎಂಬ ಆ ಮಾತಿಗೆ ಅಂಗಳ ಗೊಳ್ಳೆಂದು ನಕ್ಕಿತು. ಮಾಮಿಯ ದೀಪ ಪಟ್ಟನೆ ಆರಿತು.

ಕೂಗಿದ್ದೂ ನಕ್ಕಿದ್ದೂ ಅಕ್ಕೋರ ಕಿಟಕಿಗೆ ಕೇಳಿಸಿತ್ತು. ಅವರು ಸೀಮೆಸುಣ್ಣ ಕೆಳಗಿಟ್ಟರು. ಕ್ಯಾಮೆರಾವನ್ನು ನೇರ ನೋಡಿದರು. ನನ್ನ ಖೋಲಿಯ ಪರದೆಯಲ್ಲಿ ನನ್ನನ್ನೇ ನೋಡಿದ ಹಾಗಾಯಿತು.

"ಈಗ ಒಂದು ದೀಪ ಆರಿತು. ತಿಳದು ಆರಿಸಿದ್ಯೋ, ಹೆದರಿ ಆರಿಸಿದ್ಯೋ? ತಿಳದು ಆರಿಸಿದ್ರ ಶಾಣ್ಯಾಕಿ. ಹೆದರಿ ಆರಿಸಿದ್ರ ಮತ್ತ ಹಚ್ಚವಾ. ನಾ ಇಲ್ಲೇ ಕುಂತೀನಿ, ನಾನೇನು ಎಲ್ಲಿಗೂ ಹೋಗೂದಿಲ್ಲ."

ಸ್ವಲ್ಪ ಹೊತ್ತಾದ ಮೇಲೆ ಮಾಮಿಯ ದೀಪ ಹತ್ತಿತು. ಅಕ್ಕೋರು ಬೋರ್ಡು ಒರೆಸಿ ಮೊದಲಿನಿಂದ ಶುರು ಮಾಡಿದರು. ಪಿಕ್ಚರ್ ತಡವಾಯಿತು, ಯಾರೂ ಖೋಲಿಗೆ ಬಂದು ಕೇಳಲಿಲ್ಲ.

ಈಗ ಒಂದು ಹೊದಿಕೆಯ ವಿಷಯ ಹೇಳಬೇಕು. ಅಕ್ಕೋರ ಟಿವಿ ಮೇಲೆ ಅವರ ತಾಯಿ ಹಾಕಿದ ಕಸೂತಿ ಬಟ್ಟೆ ಒಂದಿತ್ತು. ಕೆಂಪು ಬಟ್ಟೆ, ಮೇಲೆ ಹಸಿರು ಗಿಳಿಗಳು. ಆಗಿನ ಕಾಲದ ನಮ್ಮ ಮನೆಗಳಲ್ಲಿ ಯಾವ ಯಂತ್ರವನ್ನೂ ಬರಿಮೈಯಲ್ಲಿ ಬಿಡುತ್ತಿರಲಿಲ್ಲ. ರೇಡಿಯೋ, ಹೊಲಿಗೆ ಮಷಿನ್, ಟಿವಿ, ಎಲ್ಲಕ್ಕೂ ಕೆಲಸ ಮುಗಿದ ತಕ್ಷಣ ಮೇಲೆ ಬಟ್ಟೆ. ಹೊದಿಸಿದರೆ ಮಲಗಿತು ಅಂತ ಅರ್ಥ. ಕ್ಯಾಮೆರಾ ಬಂದ ಮೇಲೆ ಅಕ್ಕೋರು ಆ ಬಟ್ಟೆಯನ್ನು ಟಿವಿಯಿಂದ ತೆಗೆದು ಕ್ಯಾಮೆರಾಕ್ಕೆ ಕೊಟ್ಟರು. ಪಾಠ ಮುಗಿದರೆ ಮೊದಲು ಕೈ ಚಾಚಿ ಗೋಡೆಯ ಸ್ವಿಚ್ ಆರಿಸುವುದು, ಮೈಕ್ ಬಿಚ್ಚುವುದು, ಆಮೇಲೆ ಊರುಗೋಲಿನ ತುದಿಯಿಂದ ಬಟ್ಟೆ ಎತ್ತಿ ಕ್ಯಾಮೆರಾ ಮೇಲೆ ಹಾಕುವುದು. ಪರದೆ ಕಪ್ಪಾದ ಕೂಡಲೇ ನಾನು ಪಿಕ್ಚರ್ ಹಾಕುತ್ತಿದ್ದೆ. ಇದೇ ನಮ್ಮ ಕ್ರಮ.

ಪರೀಕ್ಷೆಯ ಫಾರ್ಮು ತುಂಬುವ ಸಮಯ ಬಂತು. ಒಂದು ಸಂಜೆ ಪಾಠ ಮುಗಿಯುತ್ತಿದ್ದ ಹಾಗೆ ಅಕ್ಕೋರ ಬಾಗಿಲಲ್ಲಿ ಸ್ಕೂಲಿನ ಹೆಡ್‌ಮಾಸ್ಟರು ಬಂದು ನಿಂತರು. ಮಂಗಳೂರು ಕಡೆಯ ಸಾಧು ಮನುಷ್ಯ, ಮೂರು ಮಾಳಿಗೆ ಹತ್ತಿ ಏದುಸಿರು ಬಿಡುತ್ತಿದ್ದರಂತೆ. ಅಕ್ಕೋರು ಗಡಿಬಿಡಿಯಲ್ಲಿ, "ಇವತ್ತಿಗೆ ಸಾಕು," ಎಂದವರೇ ಊರುಗೋಲಿನಿಂದ ಬಟ್ಟೆ ಎತ್ತಿ ಹಾಕಿದರು. ಸ್ವಿಚ್ಚಿಗೆ ಕೈ ಹೋಗಲಿಲ್ಲ. ಮೈಕು ಸೆರಗಿನಲ್ಲೇ ಇತ್ತು.

ನಾನು ಖೋಲಿಯಲ್ಲಿ ಕ್ಯಾಸೆಟ್ ಹಿಡಿದು ಕೂತಿದ್ದೆ. ಪರದೆ ಕಪ್ಪಾಗಲಿಲ್ಲ, ಕೆಂಪಾಯಿತು. ಬಟ್ಟೆಯ ಹಿಂದಿನಿಂದ ದೀಪದ ಬೆಳಕು ಬಿದ್ದು ಗಿಳಿಗಳು ಹೊಳೆಯುತ್ತಿದ್ದವು. ಪಿಕ್ಚರಿಗೆ ಕಾದು ಕೂತ ಇಡೀ ಕಾಲೊನಿಯ ಮುಂದೆ ಗಿಳಿಗಳು. ಗಿಳಿಗಳ ಹಿಂದಿನಿಂದ ಹೆಡ್‌ಮಾಸ್ಟರ ಮಾತು ಬಂತು.

"ಟೀಚರ್, ನಿಮ್ಮ ಕಷ್ಟ ನನಗೆ ಗೊತ್ತುಂಟು. ಆದರೆ ಈ ಸಲ ಕೆಲವರ ಫಾರ್ಮು ಕಳಿಸುವುದು ಬೇಡ. ಒಂದು ವರ್ಷ ನಿಲ್ಲಲಿ."

"ಯಾರದು ಸರ್?"

"ಅದೇ, ಗಣಿತದಲ್ಲಿ ಏಳದವರು. ಆ ಗೌಂಡಿಯ ಮಗಳು ರೇಣುಕಾ. ಬೇಕರಿಯವನ ಮಗ ಶಿವು. ಮತ್ತೆ ಆ ಅವಳಿಗಳು. ಇವರು ಕೂತರೆ ರಿಸಲ್ಟು ಬೀಳ್ತದೆ. ರಿಸಲ್ಟು ಬಿದ್ದರೆ ಮ್ಯಾನೇಜ್‌ಮೆಂಟಿನವರು ಕನ್ನಡದ ಸೆಕ್ಷನ್ನೇ ಮುಚ್ಚುತ್ತಾರೆ. ನಾನು ಎಂತ ಮಾಡುವುದು ಹೇಳಿ ಮಾರಾಯ್ರೇ?"

ನನ್ನ ಕೈ ಸ್ವಿಚ್ಚಿನ ಮೇಲಿತ್ತು. ಒತ್ತಿದ್ದರೆ ಹಾಡು ಕುಣಿತ ಶುರುವಾಗಿ ಎಲ್ಲ ಮುಚ್ಚಿಹೋಗುತ್ತಿತ್ತು. ನಾನು ಒತ್ತಲಿಲ್ಲ. ಎದ್ದು ಖೋಲಿಯ ಬಾಗಿಲಿಗೆ ಬಂದೆ. ಮೂರನೇ ಮಾಳಿಗೆಗೆ ಅದು ದಿನದ ಗದ್ದಲವೇ ಆಗಿ ಕೇಳಿಸಿರಬೇಕು, ಕೆಳಗೆ ನನಗೆ ಮಾತ್ರ ಟಿವಿಯ ದನಿ ಅಂಗಳದ ನಾಲ್ಕೂ ಕಡೆಯಿಂದ ಬರುತ್ತಿತ್ತು, ಪ್ರತಿ ಮನೆಯಲ್ಲೂ ಹೆಡ್‌ಮಾಸ್ಟರೇ ಮಾತಾಡುತ್ತಿದ್ದರು.

ಅಕ್ಕೋರ ದನಿ ಕೇಳಿಸಿತು. "ಸರ್, ನನ್ನ ಕಾಲು ಮುರದೈತಿ. ಅವರವು ಗಟ್ಟಿ ಅದಾವ. ಅವನ್ನ ಯಾಕ ಮುರೀತೀರಿ?"

"ಹಾಗಲ್ಲ ಟೀಚರ್. ಪಾಪ ಅವರಿಗೂ ಫೈಲಾಗುವ ಅವಮಾನ ತಪ್ಪುತ್ತದೆ. ಮೆಲ್ಲ ಮನೆಯವರನ್ನು ಕರೆದು ಹೇಳಿದರಾಯಿತು. ಯಾರಿಗೂ ಗೊತ್ತಾಗುವುದಿಲ್ಲ."

ಆಗ ಮಾಮಿಯ ಬಾಲ್ಕನಿಯಲ್ಲಿ ದೀಪ ಹತ್ತಿತು.

ನಾನು ಆ ಕಡೆ ನೋಡುತ್ತಿರುವಾಗಲೇ ಎದುರು ಬಿಲ್ಡಿಂಗಿನಲ್ಲಿ ಇನ್ನೊಂದು ಹತ್ತಿತು. ಬೇಕರಿಯವರ ಮನೆ. ಅದರ ಮೇಲಿನದು. ಪಕ್ಕದ್ದು. ಹತ್ತನೇ ಕ್ಲಾಸಿನ ಮಕ್ಕಳ ಮನೆಗಳು ಮೊದಲು, ಆಮೇಲೆ ಮಕ್ಕಳೇ ಇಲ್ಲದ ಮನೆಗಳು. ಸರ್ದಾರ್ಜಿಯ ಬಾಲ್ಕನಿ. ಅವರಿಗೆ ಕನ್ನಡದ ಒಂದಕ್ಷರ ಬಾರದು, ಆದರೆ ಆ ದೀಪದ ಅರ್ಥ ಅಷ್ಟು ದಿನಗಳಲ್ಲಿ ಯಾರಿಗೆ ತಿಳಿದಿರಲಿಲ್ಲ?

ಅಕ್ಕೋರು ಕಿಟಕಿಗೆ ಎದುರಾಗಿ ಕೂರುತ್ತಿದ್ದರು. ಹೆಡ್‌ಮಾಸ್ಟರ ಬೆನ್ನು ಕಿಟಕಿಗಿತ್ತು. ಗಿಳಿಗಳ ಹಿಂದಿನಿಂದ ಅಕ್ಕೋರ ದನಿ ಬಂತು, ಕ್ಲಾಸಿನ ದನಿ:

"ಸರ್, ಇನ್ನೊಮ್ಮೆ ಹೇಳ್ರಿ. ಹುಡುಗ್ರಿಗೆ ತಿಳಿದಿಲ್ಲಂತ."

"ಯಾವ ಹುಡುಗರಿಗೆ?"

"ಹಿಂದ ತಿರುಗಿ ನೋಡ್ರಿ."

ಕುರ್ಚಿ ಸರಿದ ಸದ್ದು. ಮೂರನೇ ಮಾಳಿಗೆಯ ಕಿಟಕಿಯಲ್ಲಿ ಹೆಡ್‌ಮಾಸ್ಟರ ಆಕಾರ ಬಂದು ನಿಂತದ್ದನ್ನು ನಾನು ಕೆಳಗಿನಿಂದ ಕಂಡೆ. ಎರಡು ಕೈಯಲ್ಲೂ ಕಿಟಕಿಯ ಸರಳು ಹಿಡಿದು ನಿಂತಿದ್ದರು. ಯಾರೂ ಕೂಗಲಿಲ್ಲ, ಬೈಯಲಿಲ್ಲ. ಸುತ್ತಲೂ ದೀಪ ಅಷ್ಟೇ. ಝೋಪಡಿ ಕಡೆಯಿಂದ ರೇಣುಕಾಳ ಅಪ್ಪ ಕೆಲಸದ ಬಟ್ಟೆಯಲ್ಲೇ ಅಂಗಳಕ್ಕೆ ಬಂದು, ತಲೆಯ ಟವೆಲ್ ತೆಗೆದು ಕೈಯಲ್ಲಿ ಹಿಡಿದು ಮೇಲಕ್ಕೆ ನೋಡುತ್ತ ನಿಂತಿದ್ದ.

ಕೊನೆಗೆ ಹೆಡ್‌ಮಾಸ್ಟರು, "ಸ್ವಲ್ಪ ನೀರು ಕೊಡಿ ಟೀಚರ್," ಎಂದರು. ಅದೂ ಎಲ್ಲರಿಗೂ ಕೇಳಿಸಿತು. ನೀರು ಕುಡಿದು ಹೇಳಿದರು: "ಆಯಿತು. ಎಲ್ಲರ ಫಾರ್ಮೂ ಹೋಗಲಿ. ಸೆಕ್ಷನ್ನಿನದು ದೇವರಿಚ್ಛೆ."

"ದೇವರ ಮ್ಯಾಲ ಯಾಕ ಹಾಕತೀರಿ? ನನ್ನ ಮ್ಯಾಲ ಹಾಕ್ರಿ," ಎಂದರು ಅಕ್ಕೋರು. ಆಮೇಲೆ ಮೈಕಿಗೆ: "ಈಗ ತಿಳೀತೇನ್ರೋ? ಆರಿಸಿರಿ."

ದೀಪಗಳು ಆರಿದವು. ಮಾಮಿಯದು ಎಲ್ಲಕ್ಕಿಂತ ಕೊನೆಗೆ ಆರಿತು.

ಹೆಡ್‌ಮಾಸ್ಟರು ಕೆಳಗಿಳಿದು ಬಂದಾಗ ನಾನು ಮೆಟ್ಟಿಲ ಹತ್ತಿರವೇ ಇದ್ದೆ. ನನ್ನನ್ನು ನೋಡಿ ಬೈಯುತ್ತಾರೆ ಅಂದುಕೊಂಡೆ. ಅವರು ಕನ್ನಡಕ ಒರೆಸಿಕೊಂಡು, "ನೀವೋ ಈ ವೈರಿನವರು? ಒಳ್ಳೆ ಕೆಲಸ ಮಾರಾಯ್ರೇ. ಇನ್ನು ಮೇಲೆ ನನಗೆ ನಿಮ್ಮ ಕಾಲೊನಿಯಲ್ಲಿ ಗುಟ್ಟು ಹೇಳುವ ಹಾಗಿಲ್ಲ," ಎಂದು ಸೋತ ನಗೆ ನಕ್ಕು ಹೋದರು. ಒಳ್ಳೆಯ ಮನುಷ್ಯ ಎಂದು ಮೊದಲೇ ಹೇಳಿದೆನಲ್ಲ.

ಅಲ್ಲಿಂದ ಪರೀಕ್ಷೆಯವರೆಗೆ ಒಂದು ತಾಸು ಎಂದದ್ದು ಎರಡಾಯಿತು. ನಾನು ಚೌಕಾಸಿ ಮಾಡಲಿಲ್ಲ, ಮಾಡಿದ್ದರೆ ಸರ್ದಾರ್ಜಿಯೇ ಬಂದು ನನ್ನ ಕತ್ತು ಹಿಡಿಯುತ್ತಿದ್ದರು. ರೇಣುಕಾ ಪಾಸಾದಳು. ಗಡಿಯಲ್ಲಿ, ಆದರೆ ಪಾಸು. ಅವಳಿಗಳೂ ದಾಟಿದರು. ಶಿವು ಫೈಲಾದ. ಬೇಕರಿಯವರು ತಲೆ ತಗ್ಗಿಸಿ ಅಕ್ಕೋರ ಮನೆಗೆ ಬಂದಾಗ ಅವರು ಹೇಳಿದ್ದು ನನಗೆ ನೆನಪಿದೆ. "ಪರೀಕ್ಷೆಯೊಳಗ ಬಿದ್ದಾನ, ಬಾಗಲದಾಗ ಬಿದ್ದಿಲ್ಲ. ಅಕ್ಟೋಬರಿಗೆ ಕುಂಡರಸೂಣು." ಅಕ್ಟೋಬರಿನಲ್ಲಿ ಅವನೂ ಪಾಸಾದ. ಕನ್ನಡದ ಸೆಕ್ಷನ್ ಆ ವರ್ಷ ಉಳಿಯಿತು. ಆಮೇಲೆ ಕೆಲವು ವರ್ಷಕ್ಕೆ ಮುಚ್ಚಿತು, ಫೈಲಾದವರಿಂದಲ್ಲ, ಸೇರುವವರೇ ಇಲ್ಲದೆ.

ಅಕ್ಕೋರ ಟೆರೇಸಿನ ಮೇಲೆ ನನ್ನ ತಟ್ಟೆ ಕೂತಿತು. ಅದರ ಮೇಲೆ ನನ್ನ ಧಂದೆ ಕೂತಿತು. ಒಂದು ಕಾಲೊನಿ ನಾಲ್ಕಾಯಿತು. ಆಮೇಲೆ ದೊಡ್ಡ ಕಂಪನಿಗಳು ಕೇಬಲ್ಲಿಗೆ ಬಂದಾಗ ನಾನು ಒಳ್ಳೆಯ ರೇಟು ಸಿಗುವಾಗಲೇ ಕೈ ಬಿಟ್ಟು ಅಂಧೇರಿಗೆ ಹೋದೆ. ಆಫೀಸಿನಿಂದ ಆಫೀಸಿಗೆ ಕ್ಯಾಮೆರಾದಲ್ಲಿ ಮೀಟಿಂಗ್ ಮಾಡುವ ಸಾಮಾನು ಜೋಡಿಸುವ ಕೆಲಸ. ಎಲ್ಲಿ ಕಲಿತಿರಿ ಎಂದು ಗಿರಾಕಿಗಳು ಕೇಳಿದರೆ ಆಂಟಾಪ್ ಹಿಲ್ಲಿನಲ್ಲಿ ಎನ್ನುತ್ತೇನೆ. ಅವರು ನಗುತ್ತಾರೆ, ನಾನೂ ನಗುತ್ತೇನೆ, ರೇಟು ಮಾತ್ರ ಇಳಿಸುವುದಿಲ್ಲ.

ನಿವೃತ್ತಿಯಾದ ಮೇಲೆ ಅಕ್ಕೋರು ಕಾಂದಿವಲಿಯಲ್ಲಿದ್ದ ತಮ್ಮನ ಮನೆಗೆ ಹೋದರು. ಆ ಕಡೆ ಕೆಲಸ ಬಿದ್ದಾಗ ಹೋಗಿ ನೋಡಿಬರುತ್ತಿದ್ದೆ. ಕೊನೆಯ ಸಲ ಹೋದಾಗ ಮಂಚ ಹಿಡಿದಿದ್ದರು. ಇಷ್ಟು ವರ್ಷ ಹೊಟ್ಟೆಯೊಳಗಿದ್ದ ಪ್ರಶ್ನೆ ಅವತ್ತು ಕೇಳಿದೆ.

"ಅಕ್ಕೋರೆ, ನಿಜ ಹೇಳಿ. ಆವತ್ತು ಸ್ವಿಚ್ ಆರಿಸೋದು ಮರ್ತ್ರಾ, ಬೇಕು ಅಂತ ಬಿಟ್ರಾ?"

"ಖರೇ ಮರತಿದ್ದೆ. ಬಟ್ಟಿ ಹೊಚ್ಚಿದೆ, ಮಲಗಿತು ಅಂದ್ಕೊಂಡೆ."

"ಆಮೇಲೆ?"

"ಆಮ್ಯಾಲ ರೇಣುಕಾನ ದೀಪ ಹತ್ತಿತು. ಅವಾಗ ತಿಳೀತು ಕೇಳಸಾಕತ್ತೈತಿ ಅಂತ." ನನ್ನ ಕಡೆ ಹೊರಳಿದರು. "ಅವರ ಪಾಲಿನ ಮಾತದು. ಅವರಿಗೆ ಕೇಳೂದು ನ್ಯಾಯ ಅನಸ್ತು. ನೀ ಯಾಕ ಪಿಕ್ಚರ್ ಹಾಕಲಿಲ್ಲ?"

"ನನಗೂ ಹಾಗೇ ಅನ್ನಿಸ್ತು."

"ಸುಳ್ಳ. ಪಿಕ್ಚರಿಗಿಂತ ಇದು ಛಲೋ ನಡದೈತಿ ಅಂತ ಬಿಟ್ಟಿ," ಎಂದು ನಕ್ಕರು. ಅರ್ಧ ನಿಜ. ವ್ಯಾಪಾರಿಯ ಒಳಗನ್ನು ಅಷ್ಟು ಸಲೀಸಾಗಿ ಓದಿದವರು ನನಗೆ ಬೇರೆ ಯಾರೂ ಸಿಗಲಿಲ್ಲ.

ಅದಾಗಿ ಹೆಚ್ಚು ದಿನ ಇರಲಿಲ್ಲ. ಸುದ್ದಿ ತಿಳಿದು ಹೋದಾಗ ರೇಣುಕಾ ನನಗಿಂತ ಮೊದಲೇ ಬಂದಿದ್ದಳು. ಈಗ ಅವಳು ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಲೆಕ್ಕ ನೋಡುತ್ತಾಳೆ. ಅಕ್ಕೋರ ಕೈಗಳನ್ನು ಎದೆಯ ಮೇಲೆ ಜೋಡಿಸಿದ್ದರು. ರೇಣುಕಾ ಮೆಲ್ಲಗೆ ಬಲಗೈಯ ಸೆರಗು ಸರಿಸಿ ಮೊಣಕೈ ನೋಡಿದಳು. ನಾನೂ ನೋಡಿದೆ. ಚರ್ಮ ಒಂದು ಕಡೆ ಗಟ್ಟಿಯಾಗಿ ಕಾಸಿನಗಲ ಕಪ್ಪಾಗಿತ್ತು. ಬಿಳಿ ಇರಲಿಲ್ಲ. ಅವಳು ಮತ್ತೆ ಸೆರಗು ಮುಚ್ಚಿದಳು.

ಯಾವ ಆಫೀಸಿನಲ್ಲಿ ಸಾಮಾನು ಜೋಡಿಸಿದರೂ ನಾನು ಗಿರಾಕಿಗೆ ಎರಡು ಮಾತು ಹೇಳಿಯೇ ಎದ್ದು ಬರುವುದು. ಮುಚ್ಚಿದ್ದೆಲ್ಲ ಆರಿದೆ ಅಂದುಕೊಳ್ಳಬೇಡಿ, ಇದು ಒಂದು. ನೀವು ಮಾತಾಡುವುದಕ್ಕೆ ಎಷ್ಟು ಖರ್ಚು ಮಾಡಿದಿರೋ, ತಿಳಿಯಲಿಲ್ಲ ಎಂದು ಆ ಕಡೆಯವನು ಹೇಳುವುದಕ್ಕೂ ಅಷ್ಟೇ ಮಾಡಿ, ಇದು ಎರಡನೆಯದು. ಮೊದಲನೆಯದನ್ನು ಎಲ್ಲರೂ ಬರೆದುಕೊಳ್ಳುತ್ತಾರೆ.

ಕೊನೆಗೆ ಎಲ್ಲ ಜೋಡಿಸಿ ಪರೀಕ್ಷೆ ಮಾಡುವಾಗ ಸಾಹೇಬರು ಪರದೆ ನೋಡುತ್ತ ಕೇಳುತ್ತಾರೆ: "ಆ ಕಡೆಯವರಿಗೆ ತಿಳೀತಾ ಇದೆಯಾ?" ಉತ್ತರ ಪರದೆಯ ಮೇಲೆ ಬರುತ್ತದೆ, ನನಗೆ ಗೊತ್ತು. ಆದರೂ ನಾನು ಕಿಟಕಿಯ ಕಡೆ ತಿರುಗಿ ನೋಡುತ್ತೇನೆ.